ಕೀಟನಾಶಕಕ್ಕೆ ಕೊಬ್ಬುಕೋಶ ಬೆಳೆಯುತ್ತದೆಯೇ? ಲ್ಯಾಬಿನಲ್ಲಿ ಪರೀಕ್ಷಿಸುವ ಬಗೆ

ಕೀಟನಾಶಕ ಕೊಟ್ಟ ಕೋಶಗಳಿಗೆ ಹತ್ತು ದಿನ ಕಾದು ಕೊಬ್ಬಿಗೆ ಹಿಡಿಯುವ ಬಣ್ಣ ಹಾಕಿದಾಗ ಪ್ಲೇಟು ಕುಂಕುಮ ಚೆಲ್ಲಿದಂತೆ ಕೆಂಪಾದರೆ ಯಾರಿಗಾದರೂ ಖುಷಿಯೇ. ಆ ಕೆಂಪು ಕೀಟನಾಶಕದಿಂದ ಬಂತೋ, ನಾವೇ ಸುರಿದ ಇನ್ಸುಲಿನ್‌ನಿಂದ ಬಂತೋ, ಸರಿಯಾಗಿ ತೊಳೆಯದೆ ಉಳಿದ ಬಣ್ಣವೋ ಎಂದು ಬಿಡಿಸಿ ಹೇಳಲಾಗದಿದ್ದರೆ ಮಾತ್ರ ಅಷ್ಟೂ ದಿನದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಎಂಎಸ್ಸಿ ಪ್ರಾಜೆಕ್ಟಿಗೋ ಪಿಎಚ್‌ಡಿಗೋ ಈ ಪರೀಕ್ಷೆ ಕೈಗೆತ್ತಿಕೊಂಡವರು ಎಡವುವುದು ಬಣ್ಣ ಹಾಕುವ ಹಂತದಲ್ಲಲ್ಲ, ಅದಕ್ಕೂ ಮುಂಚಿನ ನಾಲ್ಕೈದು ಆಯ್ಕೆಗಳಲ್ಲಿ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಎರಡು ಔಷಧಿ. ಒಂದು ಡೆಲ್ಟಾಮೆತ್ರಿನ್, ಪೈರಿಥ್ರಾಯ್ಡ್ ಗುಂಪಿನದು, ಮಲೇರಿಯಾ ತಡೆಗೆ ಕೊಡುವ ಸೊಳ್ಳೆಪರದೆಯಲ್ಲೂ ಇರುತ್ತದೆ. ಇನ್ನೊಂದು ಇಮಿಡಾಕ್ಲೋಪ್ರಿಡ್. ಹತ್ತಿ, ಭತ್ತ ಬೆಳೆಯುವವರಿಗೆ '17.8 ಎಸ್‌ಎಲ್' ಎಂದರೆ ಸಾಕು, ಗೊತ್ತಾಗುತ್ತದೆ. ಕೀಟದ ದೇಹದಲ್ಲಿ ಮೊದಲನೆಯದು ನರದ ಸೋಡಿಯಂ ಬಾಗಿಲನ್ನು ಮುಚ್ಚಗೊಡುವುದಿಲ್ಲ. ಎರಡನೆಯದು ನಿಕೋಟಿನ್ ಕೂರುವ ಗ್ರಾಹಕದ ಮೇಲೆ ಕೂತು ನರವನ್ನು ಕೆರಳಿಸುತ್ತಲೇ ಇರುತ್ತದೆ. ಇವೆರಡೂ ಇಲಿಯ ಕೊಬ್ಬುಪೂರ್ವ ಕೋಶದಲ್ಲಿ, ಅಂದರೆ ಮುಂದೆ ಕೊಬ್ಬುಕೋಶವಾಗಬಲ್ಲ ಕೋಶದಲ್ಲಿ, ಕೊಬ್ಬಿನ ಶೇಖರಣೆ ಹೆಚ್ಚಿಸುತ್ತವೆ ಎಂದು ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಕ್ಯಾಂಪಸ್ಸಿನ ತಂಡ ವರದಿ ಮಾಡಿತು: ಇಮಿಡಾಕ್ಲೋಪ್ರಿಡ್ ಬಗ್ಗೆ 2013ರಲ್ಲಿ, ಡೆಲ್ಟಾಮೆತ್ರಿನ್ ಬಗ್ಗೆ 2017ರಲ್ಲಿ. ಡೆಲ್ಟಾಮೆತ್ರಿನ್ 10 ಮೈಕ್ರೋಮೋಲಾರ್ ಹಾಕಿದಾಗ ಎಎಂಪಿಕೆ ಎಂಬ ಕಿಣ್ವದ ಚುರುಕು ರೂಪ ಕಡಿಮೆಯಾಯಿತು. ಕೊಬ್ಬುಕೋಶವಾಗು ಎಂದು ಆಜ್ಞೆ ಕೊಡುವ ಪಿಪಿಎಆರ್-ಗಾಮಾ ಮತ್ತು ಸಿ/ಇಬಿಪಿ-ಆಲ್ಫಾ ಹೆಚ್ಚಾದವು. ಎಎಂಪಿಕೆ ಕೋಶದ ಮಿತವ್ಯಯಿ ಯಜಮಾನಿಯಿದ್ದಂತೆ. ಅವಳು ಎಚ್ಚರವಾಗಿದ್ದಾಗ ಕೊಬ್ಬು ಕಟ್ಟುವ ಎಸಿಸಿ ಕಿಣ್ವಕ್ಕೆ ಬೀಗ. ತೂಕಡಿಸಿದರೆ ಉಗ್ರಾಣ ತುಂಬತೊಡಗುತ್ತದೆ.

ಕೋಶ ಎಲ್ಲಿಂದ, ಹೇಗೆ ಸಾಕಬೇಕು

ಬೇಕಾದದ್ದು 3ಟಿ3-ಎಲ್1 ಕೋಶಸಂತಾನ. ಇಲಿಯ ಭ್ರೂಣದಿಂದ ಬಂದ 3ಟಿ3 ಕೋಶಗಳಿಂದ 1970ರ ದಶಕದಲ್ಲಿ ಹೋವರ್ಡ್ ಗ್ರೀನ್ ತಂಡ ಆರಿಸಿ ತೆಗೆದದ್ದು. ನಮ್ಮಲ್ಲಿ ಪುಣೆಯ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರದ ಭಂಡಾರದಿಂದ ತರಿಸಬಹುದು. ಪಕ್ಕದ ಲ್ಯಾಬಿನ ಸ್ನೇಹಿತರು ಒಂದು ಫ್ಲಾಸ್ಕ್ ಕೊಟ್ಟರೆ ಬೇಡ ಎನ್ನಿ. ಅದು ಎಷ್ಟನೇ ಪ್ಯಾಸೇಜ್, ಅಂದರೆ ಎಷ್ಟನೇ ಸಲ ಬಿಡಿಸಿ ಹೊಸ ಫ್ಲಾಸ್ಕಿಗೆ ಹಾಕಿದ್ದು ಎಂದು ಅವರಿಗೂ ಗೊತ್ತಿರುವುದಿಲ್ಲ, ಕೋಶಗಳಿಗೆ ಸದ್ದಿಲ್ಲದೆ ಸೋಂಕು ತಗುಲಿಸುವ ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾ ಇದೆಯೋ ಇಲ್ಲವೋ ಎಂಬುದಂತೂ ಗೊತ್ತೇ ಇರುವುದಿಲ್ಲ.

ಬೆಳೆಸುವ ಮೀಡಿಯಾ: ಲೀಟರಿಗೆ 4.5 ಗ್ರಾಂ ಗ್ಲೂಕೋಸ್ ಇರುವ ಡಿಎಂಇಎಂ ಎಂಬ ಪೋಷಕ ದ್ರವ, 10% ಕರುವಿನ ಸೀರಂ, 1% ಪೆನಿಸಿಲಿನ್-ಸ್ಟ್ರೆಪ್ಟೋಮೈಸಿನ್. ಗಮನಿಸಿ, ಬೆಳೆಸುವಾಗ ಹುಟ್ಟಿದ ಕರುವಿನ ಸೀರಂ, ಭ್ರೂಣದ ಸೀರಂ ಅಲ್ಲ. ಭ್ರೂಣದ ಸೀರಂನಲ್ಲಿ ಸಾಕಿದರೆ ಕೆಲವು ಕೋಶಗಳು ಹೇಳದೆ ಕೇಳದೆ ಕೊಬ್ಬು ಕಟ್ಟಲು ಶುರುಮಾಡುತ್ತವೆ. 37 ಡಿಗ್ರಿ, 5% ಇಂಗಾಲದ ಡೈಆಕ್ಸೈಡ್.

ಫ್ಲಾಸ್ಕ್ 60ರಿಂದ 70% ತುಂಬುತ್ತಿದ್ದಂತೆ ಪ್ಯಾಸೇಜ್ ಮಾಡಿ. ಶನಿವಾರ ಸಂಜೆ 'ಸೋಮವಾರ ನೋಡಿದರಾಯಿತು' ಎಂದು ಬಿಟ್ಟು ಹೋದ ಫ್ಲಾಸ್ಕ್ ಪೂರ್ತಿ ತುಂಬಿಕೊಂಡರೆ ಆ ಸಾಲು ಮುಗಿಯಿತೆಂದೇ ತಿಳಿಯಿರಿ. ಒಮ್ಮೆ ಒತ್ತೊತ್ತಾಗಿ ಬೆಳೆದ ಕೋಶಗಳಲ್ಲಿ ಕೊಬ್ಬುಕೋಶವಾಗಬಲ್ಲವು ಕಡಿಮೆಯಾಗಿ, ಆಗದಂಥವು ಹಿಗ್ಗುತ್ತವೆ. ತಂದ ದಿನದಿಂದ 10 ಪ್ಯಾಸೇಜ್ ದಾಟಿಸಬೇಡಿ. ಮೊದಲ ವಾರದಲ್ಲೇ ಹತ್ತಿಪ್ಪತ್ತು ವೈಯಲ್ ಮಾಡಿ ದ್ರವ ಸಾರಜನಕದಲ್ಲಿ ಇಟ್ಟುಕೊಳ್ಳುವುದು ಜಾಣತನ.

ಔಷಧಿಯ ಸ್ಟಾಕ್: ಅಂಗಡಿಯ ಬಾಟಲಿ ಬೇಡ

ಗೊಬ್ಬರದಂಗಡಿಯ ಡೆಲ್ಟಾಮೆತ್ರಿನ್ 2.8 ಇಸಿ ಬಾಟಲಿಯಲ್ಲಿ ಡೆಲ್ಟಾಮೆತ್ರಿನ್ 2.8% ಮಾತ್ರ. ಉಳಿದದ್ದು ದ್ರಾವಕ, ನೀರಿನೊಡನೆ ಬೆರೆಸುವ ಎಮಲ್ಸಿಫೈಯರ್. ಸಾಬೂನಿನಂಥ ಈ ಪದಾರ್ಥಗಳು ಕೋಶದ ಪೊರೆಯನ್ನೇ ತೂತು ಮಾಡುತ್ತವೆ, ಬಂದ ಫಲಿತಾಂಶ ಯಾರದೆಂದು ಹೇಳಲಾಗದು. ಶುದ್ಧತೆಯ ಪ್ರಮಾಣಪತ್ರ ಇರುವ ಅನಾಲಿಟಿಕಲ್ ಸ್ಟ್ಯಾಂಡರ್ಡ್ ಪುಡಿಯನ್ನೇ ಕೊಳ್ಳಿ. ಬಾಟಲಿಯ ಔಷಧಿಯನ್ನೇ ಪರೀಕ್ಷಿಸುವ ಉದ್ದೇಶವಿದ್ದರೆ ಅದು ಬೇರೆ ಪ್ರಶ್ನೆ, ಅದಕ್ಕೆ ಔಷಧಿ ಇಲ್ಲದ ಅದೇ ದ್ರಾವಕ ಮಿಶ್ರಣ ಹೋಲಿಕೆಗೆ, ಕಂಟ್ರೋಲ್ ಆಗಿ ಬೇಕು.

ಡೆಲ್ಟಾಮೆತ್ರಿನ್‌ನ ಅಣುತೂಕ 505.2. ಹಾಗಾಗಿ 5.05 ಮಿ.ಗ್ರಾಂ ಪುಡಿಯನ್ನು ಡಿಎಂಎಸ್‌ಓ ಎಂಬ ದ್ರಾವಕದ 1 ಮಿ.ಲೀ.ನಲ್ಲಿ ಕರಗಿಸಿದರೆ 10 ಮಿಲಿಮೋಲಾರ್. ಇಮಿಡಾಕ್ಲೋಪ್ರಿಡ್‌ನ ಅಣುತೂಕ 255.7, 2.56 ಮಿ.ಗ್ರಾಂ ಸಾಕು. ಇದರಿಂದ 1 ಮತ್ತು 0.1 ಮಿಲಿಮೋಲಾರ್ ಸ್ಟಾಕ್‌ಗಳನ್ನೂ ಡಿಎಂಎಸ್‌ಓದಲ್ಲೇ ಮಾಡಿಟ್ಟುಕೊಳ್ಳಿ. ಮೂರರಿಂದಲೂ 1 ಮಿ.ಲೀ. ಮೀಡಿಯಾಕ್ಕೆ 1 ಮೈಕ್ರೋಲೀಟರ್ ಹಾಕಿದರೆ 10, 1, 0.1 ಮೈಕ್ರೋಮೋಲಾರ್ ಸಿಗುತ್ತದೆ, ಡಿಎಂಎಸ್‌ಓ ಎಲ್ಲದರಲ್ಲೂ 0.1% ಇರುತ್ತದೆ. ಒಂದೇ ಗಟ್ಟಿ ಸ್ಟಾಕಿನಿಂದ ಬೇರೆ ಬೇರೆ ಪ್ರಮಾಣ ತೆಗೆದು ಹಾಕುವ ಅಭ್ಯಾಸ ಬಿಡಿ. ಆಗ ಡೋಸ್ ಏರಿದಂತೆ ಡಿಎಂಎಸ್‌ಓ ಕೂಡ ಏರುತ್ತದೆ, ಮತ್ತು ಡಿಎಂಎಸ್‌ಓ ತಾನೇ ಕೋಶಗಳ ನಡವಳಿಕೆ ಬದಲಿಸಬಲ್ಲದು.

ಸ್ಟಾಕ್ ಇಡುವುದು ಕಂದು ಬಣ್ಣದ ಗಾಜಿನ ವೈಯಲ್‌ನಲ್ಲಿ, ಮೈನಸ್ 20 ಡಿಗ್ರಿಯಲ್ಲಿ. ಗಾಜು ಯಾಕೆಂದರೆ ಡೆಲ್ಟಾಮೆತ್ರಿನ್‌ಗೆ ನೀರು ಕಂಡರಾಗದು, ಪ್ಲಾಸ್ಟಿಕ್ ಕಂಡರೆ ಪ್ರೀತಿ. ಅದರ ನೀರಿನ ಕರಗುವಿಕೆ ಲೀಟರಿಗೆ ಮಿಲಿಗ್ರಾಮಿನ ಸಾವಿರದಲ್ಲೊಂದು ಭಾಗವೂ ಇಲ್ಲ. ನಾವು ಹಾಕುವ 10 ಮೈಕ್ರೋಮೋಲಾರ್ ಎಂದರೆ ಲೀಟರಿಗೆ 5 ಮಿ.ಗ್ರಾಂ. ಸೀರಂನ ಆಲ್ಬುಮಿನ್ ಹಿಡಿದಿಟ್ಟುಕೊಳ್ಳುವುದರಿಂದ ಮಾತ್ರ ಅದು ಮೀಡಿಯಾದಲ್ಲಿ ತೇಲುತ್ತಿರುತ್ತದೆ. ಆದ್ದರಿಂದ ಮೀಡಿಯಾ 37 ಡಿಗ್ರಿಗೆ ಬೆಚ್ಚಗಾಗಿರಲಿ, ಸೀರಂ ಮೊದಲೇ ಬೆರೆತಿರಲಿ, ಟ್ಯೂಬನ್ನು ವೋರ್ಟೆಕ್ಸ್ ಮಾಡುತ್ತಲೇ ಸ್ಟಾಕ್ ಹಾಕಿ. ತಣ್ಣನೆಯ ಮೀಡಿಯಾಕ್ಕೆ ಹಾಕಿ ಆಮೇಲೆ ಅಲ್ಲಾಡಿಸಿದರೆ ಸೂಜಿಯಂಥ ಹರಳು ಕಟ್ಟುತ್ತದೆ. ಅದು ಕೋಶದ ಮೇಲೆ ಬಿದ್ದ ಜಾಗದಲ್ಲಿ ವಿಷ, ಉಳಿದ ಕಡೆ ಬರೀ ಮೀಡಿಯಾ. ಹಾಕಿದ ಒಂದು ಗಂಟೆಯ ಮೇಲೆ ಸೂಕ್ಷ್ಮದರ್ಶಕದಲ್ಲಿ ಹರಳು ಹುಡುಕಿ. ಕಂಡರೆ ಆ ಡೋಸ್ ಕೈಬಿಡಿ. ಇಮಿಡಾಕ್ಲೋಪ್ರಿಡ್‌ಗೆ ಈ ರಗಳೆ ಇಲ್ಲ, ಅದು ನೀರಿನಲ್ಲಿ ಚೆನ್ನಾಗಿಯೇ ಕರಗುತ್ತದೆ. ಆದರೆ ಬೆಳಕಿಗೆ ಅದೂ ಒಡೆಯುತ್ತದೆ.

ಕೋಶ ಸಾಯುತ್ತಿದೆಯೇ ಎಂದು ಮೊದಲು ನೋಡಿ

ಪೂರ್ತಿ ತುಂಬಿದ ಕೋಶಗಳಿಗೆ 48 ಗಂಟೆ ಔಷಧಿ ಕೊಟ್ಟು ಎಂಟಿಟಿ ಪರೀಕ್ಷೆ (ಬದುಕಿರುವ ಕೋಶ ಎಂಟಿಟಿ ಎಂಬ ಪದಾರ್ಥವನ್ನು ನೇರಳೆ ಹರಳಾಗಿಸುತ್ತದೆ) ಮಾಡಿ: ಮಿ.ಲೀ.ಗೆ 0.5 ಮಿ.ಗ್ರಾಂ ಎಂಟಿಟಿ, 3 ಗಂಟೆ, ನೇರಳೆ ಹರಳನ್ನು ಡಿಎಂಎಸ್‌ಓದಲ್ಲಿ ಕರಗಿಸಿ 570 ನ್ಯಾನೋಮೀಟರಿನಲ್ಲಿ ಓದಿ. ಡಿಎಂಎಸ್‌ಓ ಕಂಟ್ರೋಲಿನ 90%ಗಿಂತ ಕೆಳಗಿಳಿದ ಡೋಸ್ ಪಟ್ಟಿಯಿಂದ ಹೊರಗೆ. ಸಾಯುತ್ತಿರುವ ಕೋಶದಲ್ಲೂ ಕೊಬ್ಬಿನ ಹನಿ ಕಾಣಿಸಿಕೊಳ್ಳುತ್ತದೆ, ಅದನ್ನು ಕೊಬ್ಬುಕೋಶ ಹುಟ್ಟಿತೆಂದು ಬರೆದರೆ ತಪ್ಪು. ಎಂಟಿಟಿ ಅಳೆಯುವುದು ಕೋಶದ ಚಯಾಪಚಯವನ್ನು, ಎಣಿಕೆಯನ್ನಲ್ಲ. ಹಾಗಾಗಿ ಪ್ರಯೋಗದ ಕೊನೆಯ ದಿನವೂ ಬೇರೆ ಬಗೆಯಲ್ಲಿ, ಒಡೆದ ಕೋಶದಿಂದ ಹೊರಬರುವ ಎಲ್‌ಡಿಎಚ್ ಕಿಣ್ವದ ಸೋರಿಕೆಯನ್ನೋ ಡಿಎನ್‌ಎ ಪ್ರಮಾಣವನ್ನೋ, ಒಮ್ಮೆ ಅಳೆಯಬೇಕು.

ಕಾಕ್‌ಟೇಲ್: ಇಡೀ ಪ್ರಯೋಗದ ಕೀಲಿ

ಕಾಕ್‌ಟೇಲ್ ಎಂದರೆ ಕೊಬ್ಬುಪೂರ್ವ ಕೋಶವನ್ನು ಕೊಬ್ಬುಕೋಶವಾಗುವಂತೆ ಪ್ರಚೋದಿಸುವ ಮಿಶ್ರಣ. ಪುಸ್ತಕದಲ್ಲಿರುವ ಪೂರ್ಣ ಕಾಕ್‌ಟೇಲ್ ಎಂದರೆ 0.5 ಮಿಲಿಮೋಲಾರ್ ಐಬಿಎಂಎಕ್ಸ್, 1 ಮೈಕ್ರೋಮೋಲಾರ್ ಡೆಕ್ಸಾಮೆಥಾಸೋನ್, ಮಿ.ಲೀ.ಗೆ 10 ಮೈಕ್ರೋಗ್ರಾಂ ಇನ್ಸುಲಿನ್. ಇದನ್ನು ಹಾಕಿದರೆ ಒಳ್ಳೆಯ ಕೋಶಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಕೊಬ್ಬುಕೋಶವಾಗಿಬಿಡುತ್ತವೆ. ಅದರ ಮೇಲೆ ಕೀಟನಾಶಕ ಹಾಕಿ ಹೆಚ್ಚಳ ಹುಡುಕುವುದು ತುಂಬಿದ ಕೊಡಕ್ಕೆ ನೀರು ಸುರಿದು ಮಟ್ಟ ಏರಿತೇ ಎಂದು ನೋಡಿದ ಹಾಗೆ. 'ಏನೂ ಪರಿಣಾಮವಿಲ್ಲ' ಎಂದು ಬರೆದು ಮುಗಿಸಿದ ಎಷ್ಟೋ ಪ್ರಾಜೆಕ್ಟುಗಳ ತಪ್ಪು ಇದೊಂದೇ.

ದುರ್ಬಲ ಕಾಕ್‌ಟೇಲ್ ಬೇಕು: 0.5 ಮಿಲಿಮೋಲಾರ್ ಐಬಿಎಂಎಕ್ಸ್, ಮಿ.ಲೀ.ಗೆ 1 ಮೈಕ್ರೋಗ್ರಾಂ ಇನ್ಸುಲಿನ್, ಡೆಕ್ಸಾಮೆಥಾಸೋನ್ ಬೇಡ. ಈ ಕಾಕ್‌ಟೇಲಿನ ಜೊತೆ ಔಷಧಿಯಿಲ್ಲದ ಡಿಎಂಎಸ್‌ಓ ಮಾತ್ರ ಹಾಕಿದ ವೆಲ್‌ಗಳಲ್ಲಿ (ಪ್ಲೇಟಿನ ಗುಳಿಗಳಲ್ಲಿ) ಅಲ್ಲೊಂದು ಇಲ್ಲೊಂದು ಕೋಶ ಕೊಬ್ಬು ಕಟ್ಟಬೇಕು, ಅಷ್ಟೇ. ಪೂರ್ಣ ಕಾಕ್‌ಟೇಲನ್ನೂ ಒಂದು ಪ್ಲೇಟಿನಲ್ಲಿ ಮಾಡಿಡಿ, ಆದರೆ ಅದರ ಕೆಲಸ ನಿಮ್ಮ ಕೋಶಗಳಿಗೆ ಇನ್ನೂ ಶಕ್ತಿಯಿದೆ ಎಂದು ತೋರಿಸುವುದು ಮಾತ್ರ.

ಸ್ಟಾಕ್‌ಗಳು ಹೀಗೆ: ಐಬಿಎಂಎಕ್ಸ್ 111 ಮಿ.ಗ್ರಾಂ ಅನ್ನು 1 ಮಿ.ಲೀ. ಡಿಎಂಎಸ್‌ಓದಲ್ಲಿ ಕರಗಿಸಿದರೆ 0.5 ಮೋಲಾರ್, 50 ಮಿ.ಲೀ. ಮೀಡಿಯಾಕ್ಕೆ 50 ಮೈಕ್ರೋಲೀಟರ್. ಫ್ರೀಜರಿನಿಂದ ತೆಗೆದಾಗ ಅದು ಕೆಳಗೆ ಕೂತಿರುತ್ತದೆ, 37 ಡಿಗ್ರಿಯಲ್ಲಿ ಪೂರ್ತಿ ಕರಗುವವರೆಗೆ ಕಾಯಿರಿ. ಇನ್ಸುಲಿನ್ ಮಿ.ಲೀ.ಗೆ 1 ಮಿ.ಗ್ರಾಂನಂತೆ 0.01 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ. ದುರ್ಬಲ ಕಾಕ್‌ಟೇಲಿನ 50 ಮಿ.ಲೀ.ಗೆ ಇದರ 50 ಮೈಕ್ರೋಲೀಟರ್, ಪೂರ್ಣಕ್ಕೆ 500. ಡೆಕ್ಸಾಮೆಥಾಸೋನ್ 3.9 ಮಿ.ಗ್ರಾಂ ಅನ್ನು 10 ಮಿ.ಲೀ. ಎಥನಾಲ್‌ನಲ್ಲಿ ಕರಗಿಸಿದರೆ 1 ಮಿಲಿಮೋಲಾರ್. ಐಬಿಎಂಎಕ್ಸ್ ಜೊತೆ ಬರುವ 0.1% ಡಿಎಂಎಸ್‌ಓ ಮರೆಯಬೇಡಿ. ಮೊದಲೆರಡು ದಿನ ಒಟ್ಟು 0.2% ಆಗುತ್ತದೆ. ಎಲ್ಲ ಗುಂಪಿಗೂ ಸಮ ಇದ್ದರೆ ತೊಂದರೆಯಿಲ್ಲ.

ಪಾಸಿಟಿವ್ ಕಂಟ್ರೋಲ್‌ಗೆ, ಅಂದರೆ ಖಂಡಿತ ಕೊಬ್ಬು ಕಟ್ಟಲೇಬೇಕಾದ ಗುಂಪಿಗೆ, ರೋಸಿಗ್ಲಿಟಜೋನ್, 1 ಮೈಕ್ರೋಮೋಲಾರ್. ಪಿಪಿಎಆರ್-ಗಾಮಾವನ್ನು ನೇರವಾಗಿ ಎಬ್ಬಿಸುವ ಸಕ್ಕರೆ ಕಾಯಿಲೆಯ ಮಾತ್ರೆ ಇದು. ತೂಕ ಹೆಚ್ಚಿಸುವುದು ಅದರ ಗೊತ್ತಿದ್ದ ಅಡ್ಡಪರಿಣಾಮ. ಭಾರತದಲ್ಲಿ 2010ರಲ್ಲೇ ಇದರ ಮಾರಾಟ ನಿಷೇಧವಾಯಿತು, ಆದರೆ ಲ್ಯಾಬಿನ ಕೆಲಸಕ್ಕೆ ಸಿಗುತ್ತದೆ. ರೋಸಿಗ್ಲಿಟಜೋನ್ ವೆಲ್ ಕೆಂಪಾಗದಿದ್ದರೆ ಆ ಪ್ಲೇಟಿನ ಉಳಿದ ಯಾವ ಅಂಕಿಯನ್ನೂ ಬರೆದುಕೊಳ್ಳಬೇಡಿ.

ದಿನಗಳ ಲೆಕ್ಕ

24 ವೆಲ್‌ಗಳ ಪ್ಲೇಟಿಗೆ ಆರು ಗುಂಪು, ತಲಾ ನಾಲ್ಕು ವೆಲ್: ಕಾಕ್‌ಟೇಲ್ ಇಲ್ಲದ್ದು, ಕಾಕ್‌ಟೇಲ್ ಮತ್ತು ಡಿಎಂಎಸ್‌ಓ, ಔಷಧಿಯ ಮೂರು ಡೋಸ್, ರೋಸಿಗ್ಲಿಟಜೋನ್. ಒಂದು ಗುಂಪನ್ನು ಒಂದೇ ಕಂಬಸಾಲಿನಲ್ಲಿ ಇಡಬೇಡಿ. ಅಂಚಿನ ವೆಲ್‌ಗಳಲ್ಲಿ ಮೀಡಿಯಾ ಬೇಗ ಆರುತ್ತದೆ. ಅಂಚಿನಲ್ಲಿದ್ದ ಗುಂಪಿಗೆ ಮದ್ದಿನ ಜೊತೆ ಬರವನ್ನೂ ಕೊಟ್ಟಂತಾಗುತ್ತದೆ. ಸ್ಥಾನ ಕಲಸಿ ಹಂಚಿ, ನಕ್ಷೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ವೆಲ್ಲಿಗೆ 25,000 ಕೋಶ, 0.5 ಮಿ.ಲೀ. ಮೀಡಿಯಾದಲ್ಲಿ. ಎರಡು ಮೂರು ದಿನಕ್ಕೆ ತುಂಬಿಕೊಳ್ಳುತ್ತವೆ. ತುಂಬಿದ ಮೇಲೆ ಇನ್ನೂ ಎರಡು ದಿನ ಸುಮ್ಮನೆ ಬಿಡಿ. ಈ ಎರಡು ದಿನ ಉಳಿಸಲು ಹೋಗುವವರು ಬಹಳ. ವಿಭಜನೆ ನಿಲ್ಲಿಸಿ ಸುಮ್ಮನಾದ ಕೋಶವೇ ಕಾಕ್‌ಟೇಲ್ ಬಿದ್ದಾಗ ಒಮ್ಮೆರಡು ಬಾರಿ ಒಡೆದು ಕೊಬ್ಬಿನ ದಾರಿ ಹಿಡಿಯುವುದು.

ಅಲ್ಲಿಗೆ 0ನೇ ದಿನ. ಹಳೆಯ ಮೀಡಿಯಾ ಪೂರ್ತಿ ತೆಗೆದು 10% ಭ್ರೂಣದ ಸೀರಂ ಇರುವ ಡಿಎಂಇಎಂ, ದುರ್ಬಲ ಕಾಕ್‌ಟೇಲ್, ಔಷಧಿ. ಕಾಕ್‌ಟೇಲ್ ಇಲ್ಲದ ಗುಂಪಿಗೆ ಸೀರಂ ಮೀಡಿಯಾ ಮತ್ತು ಅಷ್ಟೇ ಡಿಎಂಎಸ್‌ಓ ಸಾಕು. ಒಂದು ಗುಂಪಿಗೆ 2 ಮಿ.ಲೀ. ಬೇಕು, 2.5 ಮಿ.ಲೀ. ಮಾಡಿ, 2.5 ಮೈಕ್ರೋಲೀಟರ್ ಸ್ಟಾಕ್ ಹಾಕಿ. 2ನೇ ದಿನ ಇನ್ಸುಲಿನ್ ಮತ್ತು ಔಷಧಿ ಮಾತ್ರ. ಅಲ್ಲಿಂದ 4, 6, 8ನೇ ದಿನ ಹೀಗೆಯೇ ಬದಲಿಸಿ, 10ನೇ ದಿನ ನಿಲ್ಲಿಸಿ. ಪ್ರತಿ ಸಲವೂ ಔಷಧಿಯನ್ನು ಹೊಸದಾಗಿ ಬೆರೆಸಬೇಕು. ನಿನ್ನೆಯ ಮಿಶ್ರಣದಲ್ಲಿದ್ದ ಡೆಲ್ಟಾಮೆತ್ರಿನ್ ಅರ್ಧ ಟ್ಯೂಬಿನ ಗೋಡೆಗೆ ಅಂಟಿರುತ್ತದೆ.

4ನೇ ದಿನದಿಂದ ಕೋಶಗಳು ದುಂಡಗಾಗುತ್ತವೆ, ಹನಿಗಳು ಬೆಳಕಿಗೆ ಮಿನುಗುತ್ತವೆ. 6ನೇ ದಿನದ ಹೊತ್ತಿಗೆ ಹಿಡಿತ ಸಡಿಲ. ಮೀಡಿಯಾ ತೆಗೆಯುವಾಗ ಪೂರ್ತಿ ಹೀರದೆ ಸುಮಾರು 100 ಮೈಕ್ರೋಲೀಟರ್ ಬಿಡಿ, ಹೊಸದನ್ನು ಗೋಡೆಗೆ ತಾಗಿಸಿ ಮೆಲ್ಲಗೆ ಬಿಡಿ. ನೇರ ಸುರಿದರೆ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ.

ಯಾವ ಘಟ್ಟದಲ್ಲಿ ಔಷಧಿ ಕೆಲಸ ಮಾಡುತ್ತದೆ ಎಂಬ ಕುತೂಹಲವಿದ್ದರೆ ಮತ್ತೊಂದು ಪ್ಲೇಟಿನಲ್ಲಿ 0ರಿಂದ 2, 2ರಿಂದ 4, 4ರಿಂದ 10 ಎಂದು ಬೇರೆ ಬೇರೆ ಕಿಟಕಿಯಲ್ಲಿ ಕೊಟ್ಟು ನೋಡಿ. ಮೊದಲ ಕಿಟಕಿಯಲ್ಲೇ ಪರಿಣಾಮ ಕಂಡರೆ ಹೊಸ ಕೊಬ್ಬುಕೋಶಗಳ ಹುಟ್ಟು. ಕೊನೆಯದರಲ್ಲಿ ಮಾತ್ರ ಕಂಡರೆ ಇದ್ದ ಕೋಶಗಳೇ ಕೊಬ್ಬು ತುಂಬಿಕೊಂಡಿರುವ ಸಾಧ್ಯತೆ ಹೆಚ್ಚು. ವರದಿಯಲ್ಲಿ ಎರಡಕ್ಕೂ 'ಕೊಬ್ಬು ಹೆಚ್ಚಿತು' ಎಂದೇ ಬರೆಯುವುದುಂಟು, ಎರಡೂ ಒಂದಲ್ಲ.

ಬಣ್ಣ

ಆಯಿಲ್ ರೆಡ್ ಓ 0.3 ಗ್ರಾಂ ಅನ್ನು 100 ಮಿ.ಲೀ. 99% ಐಸೊಪ್ರೊಪನಾಲ್‌ನಲ್ಲಿ ಕರಗಿಸಿ ಸ್ಟಾಕ್. ಬಳಸುವ ದಿನ ಸ್ಟಾಕ್ 3 ಪಾಲು, ನೀರು 2 ಪಾಲು. 10 ನಿಮಿಷ ಬಿಟ್ಟು ಸೋಸಿ, 2 ಗಂಟೆಯೊಳಗೆ ಮುಗಿಸಿ. ಹಳೆಯದಾದರೆ ಕೆಂಪು ಹರಳು ಬೀಳುತ್ತದೆ, ಚಿತ್ರದಲ್ಲಿ ಅದು ಕೊಬ್ಬಿನ ಹನಿಯಂತೆಯೇ ಕಾಣುತ್ತದೆ.

10% ಫಾರ್ಮಾಲಿನ್‌ನಲ್ಲಿ 1 ಗಂಟೆ ಕೋಶಗಳನ್ನು ಬಿಗಿಮಾಡಿ, 60% ಐಸೊಪ್ರೊಪನಾಲ್‌ನಿಂದ ತೊಳೆದು, ವೆಲ್ ಪೂರ್ತಿ ಒಣಗಿಸಿ. ನೀರಿನಂಶ ಉಳಿದರೆ ಅಲ್ಲಿ ಬಣ್ಣ ಗರಣೆಗಟ್ಟುತ್ತದೆ. ವೆಲ್ಲಿಗೆ 200 ಮೈಕ್ರೋಲೀಟರ್ ಬಣ್ಣ, 10 ನಿಮಿಷ. ನೀರಿನಲ್ಲಿ ನಾಲ್ಕು ಸಲ ತೊಳೆದು ಚಿತ್ರ ತೆಗೆಯಿರಿ. ಮತ್ತೆ ಒಣಗಿಸಿ 300 ಮೈಕ್ರೋಲೀಟರ್ 100% ಐಸೊಪ್ರೊಪನಾಲ್ ಹಾಕಿ 10 ನಿಮಿಷ ಅಲ್ಲಾಡಿಸಿ, 200 ಮೈಕ್ರೋಲೀಟರ್ ತೆಗೆದು 500 ನ್ಯಾನೋಮೀಟರಿನಲ್ಲಿ ಓದಿ. ಕೋಶವೇ ಇಲ್ಲದ ಮೂರು ವೆಲ್‌ಗಳಿಗೂ ಇದೇ ಉಪಚಾರ ಮಾಡಿ ಆ ಅಂಕಿ ಕಳೆಯಿರಿ. ಪ್ಲಾಸ್ಟಿಕ್ ಕೂಡ ಬಣ್ಣ ಹೀರುತ್ತದೆ; ದುರ್ಬಲ ಕಾಕ್‌ಟೇಲಿನಲ್ಲಿ ಈ ಹಿನ್ನೆಲೆ ನಿಮ್ಮ ನಿಜವಾದ ಅಂಕಿಯಷ್ಟೇ ಇರಬಹುದು.

ಕೆಂಪನ್ನು ಡಿಎನ್‌ಎಗೆ ಭಾಗಿಸಿ ಬರೆಯಿರಿ. ಸೌಕರ್ಯವಿದ್ದರೆ ಕೊಬ್ಬಿಗೆ ಹಿಡಿಯುವ ನೈಲ್ ರೆಡ್ ಜೊತೆ ಡಿಎನ್‌ಎಗೆ ಹಿಡಿಯುವ ಹೋಕ್ಸ್ಟ್ ಬಣ್ಣ ಹಾಕಿ ಕೋಶದ ಎಣಿಕೆ ಮತ್ತು ಕೊಬ್ಬು ಎರಡನ್ನೂ ಒಂದೇ ವೆಲ್ಲಿನಲ್ಲಿ ನೋಡುವುದು ಇನ್ನೂ ಮೇಲು. ಒಂದು ಪ್ಲೇಟಿನ ನಾಲ್ಕು ವೆಲ್ ಎಂದರೆ ನಾಲ್ಕು ಪ್ರಯೋಗವಲ್ಲ, ಒಂದೇ. ಬೇರೆ ಬೇರೆ ಪ್ಯಾಸೇಜಿನಲ್ಲಿ ಬೇರೆ ವಾರದಲ್ಲಿ ಮೂರು ಸಲ ಮಾಡಬೇಕು.

ಜೀನ್ ಮತ್ತು ಪ್ರೋಟೀನ್

ಜೀನ್ ಎಷ್ಟು ಚುರುಕಾಗಿದೆ ಎಂದು ಅಳೆಯುವ ಕ್ಯೂಪಿಸಿಆರ್‌ಗೆ ಪಿಪಿಎಆರ್-ಗಾಮಾ, ಸಿ/ಇಬಿಪಿ-ಆಲ್ಫಾ, ಕೊಬ್ಬುಕೋಶದ ಗುರುತಾದ ಎಫ್‌ಎಬಿಪಿ4 ಸಾಕು. ಹೋಲಿಕೆಗೆ ಜಿಎಪಿಡಿಎಚ್ ಜೀನ್ ಬೇಡ. ಇನ್ಸುಲಿನ್‌ಗೆ ಅದೇ ಏರುತ್ತದೆ, ಅಳತೆಗೋಲೇ ಉದ್ದವಾದರೆ ಬಟ್ಟೆ ಅಳೆಯುವುದು ಹೇಗೆ? 36ಬಿ4 ಜೀನ್ ಬಳಸಿ.

ಪ್ರೋಟೀನ್ ಅಳೆಯುವ ವೆಸ್ಟರ್ನ್ ಬ್ಲಾಟಿನಲ್ಲಿ ಫಾಸ್ಫೇಟ್ ಅಂಟುವ ಜಾಗಗಳಾದ ಎಎಂಪಿಕೆಯ ಥ್ರಿಯೋನಿನ್ 172, ಎಸಿಸಿಯ ಸೆರಿನ್ 79 ನೋಡುವವರು ಕೈ ಚುರುಕಾಗಿರಬೇಕು. ಇನ್‌ಕ್ಯುಬೇಟರಿನಿಂದ ತೆಗೆದ ಪ್ಲೇಟು ಬೆಂಚಿನ ಮೇಲೆ ಕೆಲ ನಿಮಿಷ ಕೂತರೂ ಎಎಂಪಿಕೆ ಗಾಬರಿಯಾಗಿ ಎಚ್ಚೆತ್ತುಕೊಳ್ಳುತ್ತದೆ. ಮೊದಲ ವೆಲ್ಲಿಗೂ ಕೊನೆಯ ವೆಲ್ಲಿಗೂ ಹತ್ತು ನಿಮಿಷ ಅಂತರ ಬಿದ್ದರೆ ನೀವು ಅಳೆದದ್ದು ನಿಮ್ಮ ನಿಧಾನವನ್ನು. ಒಂದು ಸಲಕ್ಕೆ ಎರಡು ಮೂರು ವೆಲ್, ಮಂಜುಗಡ್ಡೆಯ ಮೇಲೆ, ಫಾಸ್ಫಟೇಸ್ (ಫಾಸ್ಫೇಟ್ ಕೀಳುವ ಕಿಣ್ವ) ತಡೆ ಇರುವ ಬಫರ್‌ನಲ್ಲಿ. ಎಎಂಪಿಕೆಯನ್ನು ಎಬ್ಬಿಸುವ ಐಕಾರ್ ಎಂಬ ರಾಸಾಯನಿಕವನ್ನು ಕೀಟನಾಶಕದ ಜೊತೆಗೇ ಕೊಟ್ಟಾಗ ಕೊಬ್ಬು ಇಳಿದರೆ ನಿಮ್ಮ ವಾದಕ್ಕೆ ಬಲ ಬರುತ್ತದೆ. ಐಕಾರ್ ಒಂದನ್ನೇ ಕೊಟ್ಟ ಗುಂಪೂ ಇರಲಿ, ಏಕೆಂದರೆ ಅದು ಕೀಟನಾಶಕವಿಲ್ಲದೆಯೂ ಕೊಬ್ಬು ಇಳಿಸುತ್ತದೆ.

ಬಂದದ್ದನ್ನು ಓದುವುದು

10 ಮೈಕ್ರೋಮೋಲಾರ್‌ನಲ್ಲಿ ಮಾತ್ರ ಕೆಂಪಾಗಿ 0.1ರಲ್ಲಿ ಏನೂ ಇಲ್ಲದಿದ್ದರೆ ಹಾಗೆಂದೇ ಬರೆಯಿರಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ-ಕೃಷಿ ಸಂಸ್ಥೆ (ಎಫ್‌ಎಓ) ಜಂಟಿ ತಜ್ಞರ ಸಭೆ ಡೆಲ್ಟಾಮೆತ್ರಿನ್‌ಗೆ ಇಟ್ಟಿರುವ ದಿನದ ಮಿತಿ ದೇಹತೂಕದ ಕಿಲೋಗೆ 0.01 ಮಿ.ಗ್ರಾಂ, 60 ಕಿಲೋ ತೂಕದವರಿಗೆ 0.6 ಮಿ.ಗ್ರಾಂ. ಲೀಟರಿಗೆ 5 ಮಿ.ಗ್ರಾಂ ಇರುವ ಮೀಡಿಯಾದಲ್ಲಿ ಕೋಶಗಳು ಹತ್ತು ದಿನ ಮುಳುಗಿದ್ದವು. ಅದೂ ಯಕೃತ್ತಿಲ್ಲದೆ. ನಮ್ಮ ಯಕೃತ್ತು ಪೈರಿಥ್ರಾಯ್ಡ್‌ಗಳನ್ನು ಬೇಗ ಒಡೆದು ಹೊರಗೆ ಹಾಕುತ್ತದೆ. ಡಿಡಿಟಿಯಿಂದ ಉಳಿಯುವ ಡಿಡಿಇಯ ಕಥೆ ಬೇರೆ, ಅದು ದೇಹದ ಕೊಬ್ಬಿನಲ್ಲೇ ವರ್ಷಗಟ್ಟಲೆ ಮನೆ ಮಾಡುತ್ತದೆ. ಇಲಿಯ ಕೋಶದಲ್ಲಿ ಕಂಡದ್ದರಿಂದ 'ಸೊಳ್ಳೆಪರದೆಯಿಂದ ಬೊಜ್ಜು' ಎಂದು ಶೀರ್ಷಿಕೆ ಕೊಡಲು ಹೊರಟರೆ ಅದು ವಿಜ್ಞಾನವಲ್ಲ, ಮಲೇರಿಯಾ ಇರುವ ಊರಿನಲ್ಲಿ ಅಪಾಯವೂ ಹೌದು. ಪರಿಣಾಮ ಇಲ್ಲವೆಂದು ಕಂಡಾಗಲೂ ಇದೇ ಎಚ್ಚರ ಬೇಕು: ಗೋಡೆಗೆ, ಸೀರಂಗೆ ಅಂಟಿ ಕೋಶಕ್ಕೆ ತಲುಪಿದ್ದೆಷ್ಟು ಎಂದು ಅಳೆಯದೆ 'ಸುರಕ್ಷಿತ' ಎನ್ನಲಾಗದು. ಆಗುವುದಾದರೆ 0 ಮತ್ತು 48 ಗಂಟೆಯ ಮೀಡಿಯಾವನ್ನು ಗಾಜಿನ ವೈಯಲ್‌ನಲ್ಲಿ ತೆಗೆದು ಗ್ಯಾಸ್ ಕ್ರೊಮ್ಯಾಟೋಗ್ರಫಿಗೆ ಕಳಿಸಿ.

ಉಳಿದ ಮೀಡಿಯಾ, ತೊಳೆದ ನೀರು, ಹಳೆಯ ಸ್ಟಾಕ್ ಯಾವುದನ್ನೂ ಸಿಂಕಿಗೆ ಸುರಿಯಬೇಡಿ. ಪೈರಿಥ್ರಾಯ್ಡ್ ಮೀನಿಗೆ ಅತಿ ಸಣ್ಣ ಪ್ರಮಾಣದಲ್ಲೂ ಮಾರಕ. ಚೀಟಿ ಅಂಟಿಸಿದ ಬಾಟಲಿಯಲ್ಲಿ ಕೂಡಿಟ್ಟು ರಾಸಾಯನಿಕ ತ್ಯಾಜ್ಯಕ್ಕೆ ಕೊಡಿ. ಫಾರ್ಮಾಲಿನ್‌ಗೆ ಬೇರೆ ಬಾಟಲಿ. ಪುಡಿ ತೂಗುವಾಗ ನೈಟ್ರೈಲ್ ಗ್ಲೌಸ್ ಹಾಕಿ ಫ್ಯೂಮ್‌ಹುಡ್‌ನಲ್ಲೇ ತೂಗಿ. ಗ್ಲೌಸಿನ ಮೇಲೆ ಡಿಎಂಎಸ್‌ಓ ಸ್ಟಾಕ್ ಬಿದ್ದರೆ ಕೂಡಲೇ ಬದಲಿಸಿ. ಡಿಎಂಎಸ್‌ಓ ತಾನು ಚರ್ಮದೊಳಗೆ ಇಳಿಯುವುದಲ್ಲದೆ ತನ್ನಲ್ಲಿ ಕರಗಿದ್ದನ್ನೂ ಕರೆದೊಯ್ಯುತ್ತದೆ.